ತಾಯಿ ಕಟ್ಟಿದ ಬುತ್ತಿ

ಚಿಲ್ಗೋಜಾ ಎಂಬ ಬೀಜವನ್ನು ತಮ್ಮಲ್ಲಿ ಕೆಲವರಾದರೂ ತಿಂದಿರಬಹುದು. ಹಿಮಾಚಲ ಪ್ರದೇಶದ ಕಿನ್ನೌರಿನ ಒಣ ಬೆಟ್ಟಗಳಲ್ಲಿ ಬೆಳೆಯುವ ಒಂದು ಜಾತಿಯ ಪೈನ್ ಮರದ ಬೀಜ ಅದು. ಕಡುಕಂದು ಬಣ್ಣದ ತೆಳು ಸಿಪ್ಪೆ. ಸುಲಿದರೆ ದಂತದ ಬಣ್ಣದ ಎಣ್ಣೆಯುಕ್ಕುವ ತಿರುಳು. 1984ರಲ್ಲಿ ನಾನು ಒಂದು ಜಿಲ್ಲಾ ಕೇಂದ್ರದ ಕಾಲೇಜಿಗೆ ಕನ್ನಡ ಅಧ್ಯಾಪಕನಾಗಿ ಸೇರಿದ ಹೊಸತರಲ್ಲಿ, ಸಸ್ಯಶಾಸ್ತ್ರ ವಿಭಾಗದ ಹಿರಿಯರೊಬ್ಬರು ಉತ್ತರ ಭಾರತದ ಪ್ರವಾಸ ಮುಗಿಸಿ ಬಂದವರು ಅಧ್ಯಾಪಕರ ಕೊಠಡಿಯಲ್ಲಿ ಇದನ್ನು ಎಲ್ಲರಿಗೂ ಹಂಚಿದರು. ನಾನು ನಾಲ್ಕಾರು ಬೀಜಗಳನ್ನು ಬಾಯಿಗೆ ಹಾಕಿಕೊಂಡ ಮೇಲೆ, ಅವರು ಕ್ಷೌರದ ಬ್ಲೇಡಿನಿಂದ ಒಂದು ತಿರುಳನ್ನು ಉದ್ದಕ್ಕೆ ಸೀಳಿ ನನ್ನ ಮುಂದೆ ಹಿಡಿದರು. ನಡುವೆ ಒಂದು ಸಣ್ಣ ಬಿಳಿಯ ಕಡ್ಡಿ. ಅದರ ಒಂದು ತುದಿಯಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾದ ಬೆರಳುಗಳ ಗೊಂಚಲು. “ನೋಡಿ ಕನ್ನಡ ಮೇಷ್ಟ್ರೇ, ಇದು ಮಗು. ಸುತ್ತಲಿರುವುದೆಲ್ಲ ಅದರ ಬುತ್ತಿ. ನೀವು ಇಷ್ಟು ಹೊತ್ತು ಚಪ್ಪರಿಸಿದ್ದು ಬುತ್ತಿಯನ್ನು” ಎಂದರು.

ಆ ಒಂದು ಮಾತಿನಿಂದ ಆರಂಭವಾದ ಕುತೂಹಲ ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಹಳಗನ್ನಡವನ್ನು ಪಾಠ ಹೇಳಿ ನಿವೃತ್ತನಾದವನು. ಆದರೂ ಈ ಬುತ್ತಿಯ ಕಥೆಯನ್ನು, ಅಂದರೆ ತಾಯಿಯಿಂದ ಅಗಲಿಸಿದ ಮರದ ಭ್ರೂಣಕ್ಕೆ ಗಾಜಿನ ನಳಿಗೆಯಲ್ಲಿ ಏನನ್ನು ಉಣಿಸಬೇಕೆಂದು ಮನುಷ್ಯ ನೂರಕ್ಕೂ ಹೆಚ್ಚು ವರ್ಷ ತಡಕಾಡಿದ ಕಥೆಯನ್ನು, ಹೇಳುವ ಧೈರ್ಯ ಮಾಡಿದ್ದೇನೆ.

ಪೈನ್, ಸ್ಪ್ರೂಸ್, ದೇವದಾರು ಮೊದಲಾದ ಶಂಕುಧಾರಿ ಮರಗಳ ಬುತ್ತಿಗೆ ಒಂದು ವೈಶಿಷ್ಟ್ಯವಿದೆ. ಮಾವು, ಭತ್ತ, ತೆಂಗುಗಳಂಥ ಹೂ ಬಿಡುವ ಸಸ್ಯಗಳಲ್ಲಿ ಬೀಜದೊಳಗಿನ ಭ್ರೂಣಾಹಾರ ಸಿದ್ಧವಾಗುವುದು ಗರ್ಭಧಾರಣೆಯ ಜೊತೆಯಲ್ಲಿ. ಅದರಲ್ಲಿ ತಾಯಿತಂದೆ ಇಬ್ಬರ ಪಾಲೂ ಇರುತ್ತದೆ. ಶಂಕುಧಾರಿಗಳಲ್ಲಿ ಹಾಗಲ್ಲ. ಅಲ್ಲಿ ಬುತ್ತಿಯ ಅಂಗಾಂಶ ಗರ್ಭಧಾರಣೆಗೆ ಮೊದಲೇ ಬೆಳೆದಿರುತ್ತದೆ, ಮತ್ತು ಅದು ಸಂಪೂರ್ಣವಾಗಿ ತಾಯಿಯದು. ಪೈನ್ ಮರಗಳಲ್ಲಂತೂ ಒಂದು ವಸಂತದಲ್ಲಿ ಪರಾಗ ಬಂದು ತಂಗಿದರೆ, ಗರ್ಭಧಾರಣೆ ಆಗುವುದು ಮರುವರ್ಷ. ಆಮೇಲೂ ಒಂದು ವಿಚಿತ್ರ ಉಂಟು. ಪೈನ್ ಮರದ ಒಂದು ಗರ್ಭಾಣುವಿನಿಂದ ಸಾಮಾನ್ಯವಾಗಿ ನಾಲ್ಕು ಭ್ರೂಣಗಳು ಸೀಳಿಕೊಂಡು ಹುಟ್ಟುತ್ತವೆ. ಉದ್ದನೆಯ ಹುರಿಗಳು ಅವನ್ನು ಬುತ್ತಿಯ ಒಡಲಿಗೆ ನೂಕುತ್ತವೆ. ನಾಲ್ಕರಲ್ಲಿ ಒಂದು ಉಳಿದು ಮಿಕ್ಕವು ಕರಗಿಹೋಗುತ್ತವೆ. ಅಮೆರಿಕದ ಬುಕೋಲ್ಟ್ಸ್ ಎಂಬ ಸಸ್ಯವಿಜ್ಞಾನಿ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಇದನ್ನು ಬಿಡಿಸಿ ತೋರಿಸಿದ. ಈ ಸಂಗತಿಯನ್ನು ತಾವು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆಯ ಉತ್ತರಾರ್ಧದಲ್ಲಿ ಇದು ಮತ್ತೆ ಬರುತ್ತದೆ.

ಇನ್ನು ಮಾತಿನ ಬಗೆಗೆ ಒಂದು ಮಾತು. ಭ್ರೂಣವನ್ನಿಟ್ಟು ಬೆಳೆಸುವ ಆಹಾರದ್ರವಕ್ಕೆ ನಮ್ಮ ಪಠ್ಯಪುಸ್ತಕಗಳು ‘ಮಾಧ್ಯಮ’ ಎಂದು ಹೆಸರಿಟ್ಟಿವೆ. ಆ ಶಬ್ದ ಈಗ ಪತ್ರಿಕೆ, ದೂರದರ್ಶನಗಳ ಪಾಲಾಗಿಬಿಟ್ಟಿದೆ. ಆದ್ದರಿಂದ ನಾನು ‘ಪೋಷಕದ್ರವ’ ಎನ್ನುತ್ತೇನೆ. ಅನೇಕ ಸಲ ಅದು ದ್ರವವಾಗಿಯೂ ಇರುವುದಿಲ್ಲ. ಕಡಲಪಾಚಿಯಿಂದ ತೆಗೆದ, ನಮ್ಮ ಮನೆಗಳಲ್ಲಿ ಚೈನಾ ಗ್ರಾಸ್ ಎಂದು ಸಿಹಿತಿಂಡಿಗೆ ಬಳಸುವ ಅಗರ್ ಎಂಬ ವಸ್ತುವನ್ನು ಬೆರೆಸಿ ಅದನ್ನು ಹಲ್ವದಂತೆ ಹೆಪ್ಪುಗಟ್ಟಿಸಿರುತ್ತಾರೆ.

ಸಸ್ಯ ಮಣ್ಣನ್ನು ತಿಂದು ಬದುಕುವುದಿಲ್ಲ, ಮಣ್ಣಿನಲ್ಲಿ ಕರಗಿದ ಲವಣಗಳನ್ನು ಹೀರಿ ಬದುಕುತ್ತದೆ ಎಂಬುದು 19ನೆಯ ಶತಮಾನದ ನಡುಭಾಗದಲ್ಲಿ ಜರ್ಮನಿಯಲ್ಲಿ ಸ್ಥಿರಪಟ್ಟಿತು. ಜೂಲಿಯಸ್ ಸ್ಯಾಕ್ಸ್, ವಿಲ್ಹೆಲ್ಮ್ ನೋಪ್ ಮೊದಲಾದವರು 1860ರ ಸುಮಾರಿಗೆ ಬರಿಯ ನೀರಿನಲ್ಲಿ ಕೆಲವು ಲವಣಗಳನ್ನು ತೂಗಿ ಹಾಕಿ ಗಿಡಗಳನ್ನು ಬೆಳೆಸಿ ತೋರಿಸಿದರು. ಬೇರೂ ಎಲೆಯೂ ಉಳ್ಳ ಗಿಡಕ್ಕೆ ಇದು ಸಾಕು. ಅದು ಬಿಸಿಲಿನಲ್ಲಿ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆ. ಬೇರೂ ಎಲೆಯೂ ಇಲ್ಲದ ಭ್ರೂಣದ ಗತಿ ಏನು? 1902ರಲ್ಲಿ ಆಸ್ಟ್ರಿಯದ ಗಾಟ್ಲೀಬ್ ಹ್ಯಾಬರ್‌ಲಾಂಟ್ ಇನ್ನೂ ಮುಂದಿನ ಪ್ರಶ್ನೆಯನ್ನೇ ಕೇಳಿದ. ಎಲೆಯ ಒಂದೊಂದು ಜೀವಕೋಶವನ್ನೂ ಬಿಡಿಸಿ ಪೋಷಕದ್ರವದಲ್ಲಿಟ್ಟರೆ ಅದು ಬೆಳೆದೀತೇ ಎಂಬುದು ಅವನ ಪ್ರಯೋಗ. ಕೋಶಗಳು ಕೆಲಕಾಲ ಬದುಕಿದವು, ಉಬ್ಬಿದವು; ಒಂದೂ ಇಬ್ಭಾಗವಾಗಲಿಲ್ಲ. ಪ್ರಯೋಗ ಸೋತಿತು. ಆದರೆ ಅದೇ ಪ್ರಬಂಧದಲ್ಲಿ, ದೇಹದ ಸಾಮಾನ್ಯ ಕೋಶಗಳಿಂದಲೇ ಮುಂದೊಂದು ದಿನ ಕೃತಕ ಭ್ರೂಣಗಳನ್ನು ಬೆಳೆಸುವುದು ಸಾಧ್ಯವಾಗಬಹುದೆಂದೂ, ಅದಕ್ಕೆ ಸಸ್ಯದ ಗರ್ಭಕೋಶದ ರಸವನ್ನೇ ಬಳಸಿನೋಡಬೇಕೆಂದೂ ಅವನು ಸೂಚಿಸಿದ್ದ. ಸೋತ ಪ್ರಬಂಧವೊಂದು ಮುಂದಿನ ಎಂಬತ್ತು ವರ್ಷಗಳ ದಾರಿಯನ್ನು ಹೀಗೆ ಗುರುತು ಮಾಡಿಟ್ಟ ಉದಾಹರಣೆ ನನಗೆ ಬೇರೆ ತಿಳಿದಿಲ್ಲ.

ಎರಡು ವರ್ಷಗಳ ತರುವಾಯ, 1904ರಲ್ಲಿ, ಹ್ಯಾನಿಗ್ ಎಂಬ ಜರ್ಮನ್ ವಿಜ್ಞಾನಿ ಮೂಲಂಗಿ ಮತ್ತು ಅದರ ಬಳಗದ ಸಸ್ಯಗಳ ಬೀಜಗಳಿಂದ ಭ್ರೂಣಗಳನ್ನು ಹೊರತೆಗೆದು ಲವಣ ಮತ್ತು ಸಕ್ಕರೆಯ ದ್ರಾವಣದಲ್ಲಿ ಬೆಳೆಸಿದ. ಅವು ಸಸಿಗಳಾದವು. ಆದರೆ ಒಂದು ತೊಡಕು ಆಗಲೇ ಕಾಣಿಸಿಕೊಂಡಿತು. ಎಳೆಯ ಭ್ರೂಣವನ್ನು ಹೊರಗೆ ತೆಗೆದು ಉಣಿಸಿದರೆ ಅದು ಭ್ರೂಣವಾಗಿ ಪೂರ್ಣತೆಗೆ ಬರುವ ಬದಲು, ಅರ್ಧಕ್ಕೇ ಮೊಳೆತು ಬಡಕಲು ಸಸಿಯಾಗಿಬಿಡುತ್ತಿತ್ತು. ಗರ್ಭದಲ್ಲಿ ಕಲಿಯಬೇಕಾದುದನ್ನು ಕಲಿಯುವ ಮೊದಲೇ ಹೊರಗೆ ಹೊರಟುಬಿಡುವ ಆತುರ ಅದು. ಸಕ್ಕರೆಯನ್ನು ಹೆಚ್ಚಿಸಿದರೆ ಆತುರ ಸ್ವಲ್ಪ ತಗ್ಗುತ್ತದೆ ಎಂಬುದು ಕ್ರಮೇಣ ತಿಳಿದುಬಂತು. ಬಲಿತ ಭ್ರೂಣಕ್ಕೆ ನೂರಕ್ಕೆ 2 ಅಥವಾ 3 ಭಾಗ ಸಕ್ಕರೆ ಸಾಕಾದರೆ, ತೀರ ಎಳೆಯದಕ್ಕೆ 8ರಿಂದ 12 ಭಾಗದವರೆಗೂ ಬೇಕಾಗುತ್ತದೆ. ಅಷ್ಟು ಸಕ್ಕರೆಯನ್ನು ಅದು ತಿಂದು ಮುಗಿಸುವುದಿಲ್ಲ; ಗಟ್ಟಿ ಪಾಕ ನೀರನ್ನು ತನ್ನ ಕಡೆಗೆ ಹಿಡಿದಿಟ್ಟುಕೊಳ್ಳುವುದರಿಂದ ಭ್ರೂಣಕ್ಕೆ ನೀರು ಸುಲಭವಾಗಿ ದಕ್ಕುವುದಿಲ್ಲ, ಮೊಳೆಯುವ ಅವಸರ ತಡೆಯುತ್ತದೆ. ಒಂದೇ ಸಕ್ಕರೆ ಆಹಾರವೂ ಹೌದು, ಕಡಿವಾಣವೂ ಹೌದು.

1925ರಲ್ಲಿ ಲೈಬಾಖ್ ಎಂಬಾತ ಅಗಸೆಯ ಎರಡು ಜಾತಿಗಳನ್ನು ಕೂಡಿಸಿದಾಗ, ಹುಟ್ಟಿದ ಬೀಜಗಳು ಸುಕ್ಕಿ ಸಾಯುತ್ತಿದ್ದುದನ್ನು ಕಂಡು ಭ್ರೂಣವನ್ನು ತೆಗೆದು ಬೇರೆ ಉಣಿಸಿ ಬದುಕಿಸಿದ. ಸತ್ತ ಬುತ್ತಿಯ ನಡುವೆಯೂ ಮಗು ಬದುಕುವ ಯೋಗ್ಯತೆ ಪಡೆದಿರಬಹುದು ಎಂಬುದನ್ನು ಇದು ತೋರಿಸಿತು. ಅನಾವೃತಬೀಜಿಗಳ ಕಡೆಗೆ ಗಮನ ಹರಿದದ್ದು 1930ರ ದಶಕದಲ್ಲಿ. ಚೀನದ ಲೀ ಮತ್ತು ಶೆನ್ ಎಂಬವರು 1934ರಲ್ಲಿ ಶಂಕುಧಾರಿಗಳ ದೂರದ ಬಂಧುವಾದ ಗಿಂಕ್ಗೊ ಮರದ ಭ್ರೂಣಗಳನ್ನು ಬೆಳೆಸುವಾಗ, ಅದೇ ಮರದ ಬೀಜದ ಬುತ್ತಿಯನ್ನು ಹಿಂಡಿ ರಸ ತೆಗೆದು ಬೆರೆಸಿದರು. 3 ಮಿಲಿಮೀಟರಿಗಿಂತ ದೊಡ್ಡ ಭ್ರೂಣಗಳು ಚೆನ್ನಾಗಿ ಬೆಳೆದವು. 1936ರಲ್ಲಿ ಅಮೆರಿಕದ ಕಾರ್ಲ್ ಲಾರೂ ಹಲವು ಸಸ್ಯಗಳ ಜೊತೆಗೆ ಶಂಕುಧಾರಿಗಳ ಭ್ರೂಣಗಳನ್ನೂ ಬೆಳೆಸಿದ. ಬಲಿತ ಭ್ರೂಣ ಒಪ್ಪುತ್ತದೆ, ಎಳೆಯದು ಒಪ್ಪುವುದಿಲ್ಲ. ಎಲ್ಲರಿಗೂ ಎದುರಾದ ಗೋಡೆ ಇದೇ.

ಆ ಗೋಡೆಯನ್ನು ಮೊದಲು ಬಿರುಕುಗೊಳಿಸಿದ್ದು ನಮ್ಮ ಎಳನೀರು. 1941ರಲ್ಲಿ ವಾನ್ ಓವರ್‌ಬೀಕ್, ಕಾಂಕ್ಲಿನ್, ಬ್ಲೇಕ್ಸ್‌ಲೀ ಎಂಬ ಮೂವರು ಅಮೆರಿಕದಲ್ಲಿ ದತ್ತೂರಿಯ ಅತ್ಯಂತ ಎಳೆಯ ಭ್ರೂಣಗಳಿಗೆ ತೆಂಗಿನಕಾಯಿಯ ನೀರನ್ನು ಉಣಿಸಿ ಬೆಳೆಸಿದರು. ದತ್ತೂರಿ ಮತ್ತು ತೆಂಗಿನಕಾಯಿಗಳು ಶಿವಾಲಯದಲ್ಲಲ್ಲದೆ ಪ್ರಯೋಗಶಾಲೆಯಲ್ಲಿಯೂ ಒಟ್ಟುಗೂಡಿದ್ದು ನನಗಂತೂ ಸೊಗಸಾಗಿ ಕಂಡಿತು. ಇದರ ಹಿಂದಿನ ತರ್ಕ ಸರಳವಾಗಿದೆ. ತೆಂಗಿನಕಾಯಿಯ ನೀರೆಂದರೆ ತೆಂಗಿನ ಭ್ರೂಣದ ದ್ರವರೂಪದ ಬುತ್ತಿ. ಒಂದು ತಾಯಿ ಕಟ್ಟಿದ ಬುತ್ತಿಯನ್ನು ಇನ್ನೊಂದು ತಾಯಿಯ ಮಗುವಿಗೆ ಉಣಿಸಿದ್ದಾಯಿತು. ಹ್ಯಾಬರ್‌ಲಾಂಟ್ 1902ರಲ್ಲಿ ಹೇಳಿದ್ದೂ ಇದೇ ಜಾತಿಯ ಮಾತು. ಮುಂದಿನ ಇಪ್ಪತ್ತು ವರ್ಷ ಎಳನೀರು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಮಾನ್ಯವಾಯಿತು. ಆದರೆ ವಿಜ್ಞಾನಿಗೆ ಎಳನೀರಿನಿಂದ ತೃಪ್ತಿಯಿಲ್ಲ. ಒಂದು ಕಾಯಿಯಂತೆ ಇನ್ನೊಂದಿಲ್ಲ. ಮರ, ಋತು, ಬಲಿತ ಪ್ರಮಾಣ ಎಲ್ಲವೂ ಬೇರೆ. ಒಳಗೆ ಏನಿದೆ ಎಂದು ತಿಳಿಯದೆ ಉಣಿಸುವುದು ಅಜ್ಜಿಯ ಕೈಗುಣವನ್ನು ನಂಬಿದ ಹಾಗೆ. ಅಜ್ಜಿ ಇರುವವರೆಗೆ ಸರಿ.

ಹುಡುಕಾಟದಲ್ಲಿ ಅನಿರೀಕ್ಷಿತ ಸಂಗತಿಗಳು ಒದಗಿದವು. 1955ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಸ್ಕೂಗ್, ಮಿಲ್ಲರ್ ಮತ್ತು ಸಂಗಡಿಗರು, ಹೆರಿಂಗ್ ಮೀನಿನ ವೀರ್ಯದಿಂದ ತೆಗೆದ ಹಳೆಯ ಡಿ.ಎನ್.ಎ. ಪುಡಿಯಿಂದ ಸಸ್ಯಕೋಶಗಳನ್ನು ವಿಭಜನೆಗೆ ಪ್ರೇರಿಸುವ ಕೈನೆಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಇದರ ಜಾತಿಯದೇ ಆದ ಜಿಯಾಟಿನ್ ಎಳನೀರಿನಲ್ಲಿ ಇರುವುದು 1974ರಲ್ಲಿ ತಿಳಿಯಿತು. ಇನ್ನೊಂದು ಕಥೆ ಇದಕ್ಕಿಂತ ರುಚಿಕರವಾದುದು. ಸ್ಕೂಗರ ಶಿಷ್ಯ ತೋಷಿಯೊ ಮುರಾಶಿಗೆ ಹೊಗೆಸೊಪ್ಪಿನ ಅಂಗಾಂಶಕ್ಕೆ ಹೊಗೆಸೊಪ್ಪಿನ ಎಲೆಯ ರಸವನ್ನೇ ಬೆರೆಸಿದಾಗ ಬೆಳವಣಿಗೆ ಅನೇಕ ಪಟ್ಟು ಹೆಚ್ಚುವುದನ್ನು ಕಂಡ. ರಸದಲ್ಲಿ ಯಾವುದೋ ಅಜ್ಞಾತ ಚೋದಕವಿರಬೇಕೆಂದು ಹುಡುಕಿದರೆ, ಬಹುಪಾಲು ಪರಿಣಾಮ ಅದರಲ್ಲಿದ್ದ ಸಾಮಾನ್ಯ ಲವಣಗಳದ್ದು ಎಂದು ಗೊತ್ತಾಯಿತು. ರಹಸ್ಯವೆಂದುಕೊಂಡದ್ದು ಉಪ್ಪಾಗಿತ್ತು! ಹಾಗಾದರೆ ಇಷ್ಟು ದಿನ ಉಣಿಸಿದ್ದರಲ್ಲಿ ಉಪ್ಪೇ ಕಡಿಮೆ ಎಂದು ಬಗೆದು, 1962ರಲ್ಲಿ ಗುರುಶಿಷ್ಯರು ಒಂದು ಹೊಸ ಪಾಕವನ್ನು ಪ್ರಕಟಿಸಿದರು. ಒಂದು ಲೀಟರಿಗೆ 1650 ಮಿಲಿಗ್ರಾಂ ಅಮೋನಿಯಂ ನೈಟ್ರೇಟು, 1900 ಮಿಲಿಗ್ರಾಂ ಪೊಟ್ಯಾಸಿಯಂ ನೈಟ್ರೇಟು, 30 ಗ್ರಾಂ ಸಕ್ಕರೆ, ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ರಂಜಕ, ಕಬ್ಬಿಣ, ಸತು, ಬೋರಾನ್, ಕೆಲವು ವಿಟಮಿನ್ನುಗಳು. ಬಾಳೆ, ಆರ್ಕಿಡ್, ಕಬ್ಬು ಎನ್ನದೆ ಲೋಕವೆಲ್ಲ ಇದನ್ನು ಸ್ವೀಕರಿಸಿತು. ಇಂದು ನಮ್ಮ ತೋಟಗಳಿಗೆ ಬರುವ ಅಂಗಾಂಶ ಕೃಷಿಯ ಬಾಳೆಸಸಿಯೂ ಸಾಮಾನ್ಯವಾಗಿ ಈ ಪಾಕವನ್ನೋ ಇದರ ಮಾರ್ಪಾಟನ್ನೋ ಉಂಡು ಬಂದದ್ದೇ.

ಶಂಕುಧಾರಿಗಳು ಮಾತ್ರ ಈ ಔತಣಕ್ಕೆ ಒಲಿಯಲಿಲ್ಲ. ಪೈನ್, ಸ್ಪ್ರೂಸ್‌ಗಳ ಅಂಗಾಂಶ ಈ ಪಾಕದಲ್ಲಿ ಕಂದಾಗುವುದು, ಬೆಳೆಯದೆ ನಿಲ್ಲುವುದು ಸಾಮಾನ್ಯವಾಗಿತ್ತು. ಕಾರಣಗಳಲ್ಲಿ ಮುಖ್ಯವಾದುದು ಸಾರಜನಕದ ರೂಪ ಎಂದು ತಿಳಿದವರು ಹೇಳುತ್ತಾರೆ. ಸಾರಜನಕವನ್ನು ಸಸ್ಯ ನೈಟ್ರೇಟಿನ ರೂಪದಲ್ಲಿ ಹೀರಿದರೆ ಅದನ್ನು ಅರಗಿಸಿಕೊಳ್ಳಲು ಶ್ರಮಪಡಬೇಕು; ಅಮೋನಿಯಂ ರೂಪದಲ್ಲಿ ಹೀರಿದರೆ ಶ್ರಮ ಕಡಿಮೆ, ಆದರೆ ಹೆಚ್ಚಾದರೆ ವಿಷ, ಮತ್ತು ಸುತ್ತಲಿನ ದ್ರವವನ್ನು ಅದು ಹುಳಿಯಾಗಿಸುತ್ತದೆ. ಪೈನ್ ಬೀಜದಲ್ಲಿ ತಾಯಿ ಸಾರಜನಕವನ್ನು ಲವಣವಾಗಿ ಇಟ್ಟಿರುವುದಿಲ್ಲ. ಪ್ರೋಟೀನಾಗಿ, ಅದರಲ್ಲೂ ಆರ್ಜಿನಿನ್ ಎಂಬ ಅಮೈನೋ ಆಮ್ಲ ಸಮೃದ್ಧವಾಗಿರುವ ಪ್ರೋಟೀನಾಗಿ, ಎಣ್ಣೆಯ ಜೊತೆಯಲ್ಲಿ ಕೂಡಿಟ್ಟಿರುತ್ತಾಳೆ. ಅರ್ಧ ಜೀರ್ಣವಾದ ಅನ್ನವನ್ನು ಹಸುಳೆಗೆ ನುರಿದು ಕೊಟ್ಟ ಹಾಗೆ. ಆದ್ದರಿಂದ ಸಂಶೋಧಕರು ಲವಣಗಳನ್ನು ಅರ್ಧಕ್ಕೆ ತೆಳುಮಾಡಿದರು, ಅಮೋನಿಯಂ ತಗ್ಗಿಸಿದರು, ಬದಲಿಗೆ ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನೂ, ಹಾಲಿನ ಪ್ರೋಟೀನನ್ನು ಒಡೆದು ಮಾಡಿದ ಕೇಸಿನ್ ಪುಡಿಯನ್ನೂ ಸೇರಿಸತೊಡಗಿದರು. ಪೈನ್ ಮರದ ಭ್ರೂಣಕ್ಕೆ ಹಸುವಿನ ಹಾಲಿನ ಅಂಶ!

ನಮ್ಮ ದೇಶದ ಪಾಲನ್ನು ಇಲ್ಲಿ ಸ್ಮರಿಸಬೇಕು. ದೆಹಲಿ ವಿಶ್ವವಿದ್ಯಾಲಯದಲ್ಲಿ ಪಂಚಾನನ ಮಾಹೇಶ್ವರಿಯವರು ಕಟ್ಟಿದ ಸಸ್ಯ ಭ್ರೂಣಶಾಸ್ತ್ರದ ಪರಂಪರೆ ಜಗತ್ಪ್ರಸಿದ್ಧವಾದುದು. ಅಲ್ಲಿ 1965ರಲ್ಲಿ ಕೋನಾರ್ ಮತ್ತು ಒಬೆರಾಯ್ ಎಂಬವರು, ಪ್ರಯೋಗಶಾಲೆಯಲ್ಲಿ ಬೆಳೆಸಿದ ಒಂದು ಶಂಕುಧಾರಿಯ ಬೀಜದಳಗಳ ಮೇಲೆ ಭ್ರೂಣದಂಥ ಪುಟ್ಟ ಕಾಯಗಳು ಮೂಡಿದ್ದನ್ನು ವರದಿ ಮಾಡಿದರು. ಆ ಸಸ್ಯ ಬೇರೆ ಯಾವುದೂ ಅಲ್ಲ. ನಮ್ಮ ಕಚೇರಿ, ಶಾಲೆ, ಉದ್ಯಾನಗಳ ಮುಂದೆ ಬೀಸಣಿಗೆಯಂಥ ಎಲೆಗಳಿಂದ ನಿಂತಿರುವ ಥೂಜಾ. ಕನ್ನಡ ಓದುಗರಿಗೆ ‘ಹಸುರು ಹೊನ್ನು’ವಿನ ಮೂಲಕ ಆಪ್ತರಾದ ಬಿ.ಜಿ.ಎಲ್. ಸ್ವಾಮಿಯವರೂ ವೃತ್ತಿಯಿಂದ ಸಸ್ಯ ಭ್ರೂಣಶಾಸ್ತ್ರಜ್ಞರೇ ಎಂಬುದನ್ನು ನಾವು ಸಾಹಿತ್ಯದವರು ಹಲವೊಮ್ಮೆ ಮರೆಯುತ್ತೇವೆ. ಶಂಕುಧಾರಿಗಳು ನಮ್ಮ ಕಡೆಯವಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ದಕ್ಷಿಣದ ಘಟ್ಟಗಳ ದಟ್ಟ ಕಾಡುಗಳಲ್ಲಿ ನಾಗಿಯಾ ಎಂಬ ಒಂದೇ ಒಂದು ಜಾತಿ, ಸೂಜಿಯ ಬದಲು ಅಗಲವಾದ ಎಲೆ ಹೊತ್ತು, ಯಾರಿಗೂ ಪೈನಿನ ನೆಂಟನೆಂದು ತೋರದ ಹಾಗೆ ನಿಂತಿದೆ.

ನನಗೆ ಚಿಲ್ಗೋಜಾ ತೋರಿಸಿದ ಆ ಹಿರಿಯರು ದೆಹಲಿಯ ಥೂಜಾ ಪ್ರಬಂಧವನ್ನು ಓದಿದ್ದರು. ಕಾಲೇಜಿನ ಮುಂದೆಯೇ ಎರಡು ಸಾಲು ಥೂಜಾ ಗಿಡಗಳು. ಗೇಟಿನ ಆಚೆ ಎಳನೀರಿನ ಗಾಡಿ. ಇನ್ನೇನು ಬೇಕು? ಮನೆಯಿಂದ ತಂದ ಪ್ರೆಷರ್ ಕುಕ್ಕರಿನಲ್ಲಿ ನಳಿಗೆಗಳನ್ನು ಬೇಯಿಸಿ, ಗಾಜಿನ ಮುಖವಿರುವ ಮರದ ಪೆಟ್ಟಿಗೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಅದರೊಳಗೆ ಕೈಯಿಟ್ಟು, ಸೂಜಿಯ ಮೊನೆಯಿಂದ ಭ್ರೂಣ ಬಿಡಿಸುತ್ತಿದ್ದರು. ಸಂಜೆ ತರಗತಿ ಮುಗಿದ ಮೇಲೆ ನಾನು ಹೋಗಿ ಸುಮ್ಮನೆ ಕುಳಿತು ನೋಡುತ್ತಿದ್ದೆ. ಎಂಟು ಹತ್ತು ದಿನಗಳಲ್ಲಿ ನಳಿಗೆಗಳಲ್ಲಿ ಹಸಿರು ಕಾಣಿಸಿತು. ಅದು ಭ್ರೂಣದ ಹಸಿರಲ್ಲ, ಬೂಷ್ಟು. ಸಕ್ಕರೆ, ವಿಟಮಿನ್, ಎಳನೀರು ಇಟ್ಟ ಮೇಲೆ ಕರೆಯದ ಅತಿಥಿಗಳು ಬಾರದಿರುತ್ತಾರೆಯೇ? ಮತ್ತೆ ಮಾಡಿದರು. ಬೂಷ್ಟು ಬಾರದ ಕೆಲವು ನಳಿಗೆಗಳಲ್ಲಿ ಭ್ರೂಣ ಒಂದೆರಡು ಮಿಲಿಮೀಟರ್ ಉದ್ದವಾಗಿ, ಕಂದಾಗಿ, ನಿಂತುಹೋಯಿತು. ಎರಡು ವರ್ಷಗಳಲ್ಲಿ ಅವರು ಬಹುಶಃ ನಾನೂರು ಭ್ರೂಣಗಳನ್ನು ಬಿಡಿಸಿರಬೇಕು. “ಇದಕ್ಕೆ ಹಸಿವೋ ಅಜೀರ್ಣವೋ ಅದೇ ತಿಳಿಯುವುದಿಲ್ಲ ಕಣ್ರೀ” ಎಂದು ಒಂದು ದಿನ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಹೇಳಿದ್ದು ನೆನಪಿದೆ. ಅದು ಆ ಕಾಲದಲ್ಲಿ ಅವರೊಬ್ಬರ ಪ್ರಶ್ನೆಯಾಗಿರಲಿಲ್ಲ.

ಶಂಕುಧಾರಿಗಳಲ್ಲಿ ಯಶಸ್ಸು ಅಲ್ಲಲ್ಲಿ ಮೊಳೆಯತೊಡಗಿತ್ತು. 1975ರಲ್ಲಿ ಅಮೆರಿಕದ ಸಾಮರ್, ಬ್ರೌನ್, ಕೊರ್ಮಾನಿಕ್ ಎಂಬವರು ಪೈನ್ ಭ್ರೂಣಗಳ ಮೇಲೆ ಚಿಗುರು ಹುಟ್ಟಿಸಿ ಬೇರು ಬಿಡಿಸಿ ಗಿಡಗಳನ್ನಾಗಿ ಮಾಡಿದ್ದರು. ಆದರೆ ದೊಡ್ಡ ತಿರುವು ಬಂದದ್ದು 1985ರಲ್ಲಿ. ಸ್ವೀಡನ್ನಿನ ಹಾಕ್‌ಮನ್ ಮತ್ತು ಫಾನ್ ಆರ್ನಾಲ್ಡ್ ಎಂಬವರು ನಾರ್ವೆ ಸ್ಪ್ರೂಸ್ ಮರದ ಇನ್ನೂ ಬಲಿಯದ ಭ್ರೂಣಗಳನ್ನು ತೆಳುವಾದ ಲವಣಪಾಕದಲ್ಲಿಟ್ಟು, ಕೈನೆಟಿನ್ನಿನ ಬಳಗದ ಒಂದು ಚೋದಕವನ್ನೂ ಟೂ ಫೋರ್ ಡಿ ಎಂಬುದನ್ನೂ ಸೇರಿಸಿದರು. ಟೂ ಫೋರ್ ಡಿ ನಮ್ಮ ರೈತರಿಗೆ ಪರಿಚಿತವಾದ ಕಳೆನಾಶಕ. ಕಣದಷ್ಟು ಕೊಟ್ಟರೆ ಅದು ಬೆಳವಣಿಗೆಯ ಚೋದಕ. ಭ್ರೂಣದಿಂದ ಬೆಳ್ಳಗೆ, ಅರೆಪಾರದರ್ಶಕವಾದ, ಲೋಳೆಯಂಥ ಮುದ್ದೆಯೊಂದು ಉಕ್ಕಿಬಂತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಮುದ್ದೆಯಲ್ಲ. ಪುಟ್ಟ ತಲೆ, ಉದ್ದನೆಯ ಹುರಿ, ಮತ್ತೊಂದು ತಲೆ, ಮತ್ತೊಂದು ಹುರಿ. ಅಸಂಖ್ಯ ಭ್ರೂಣಗಳು! ಪೈನ್ ಬೀಜದೊಳಗೆ ಒಂದು ಗರ್ಭಾಣು ಸೀಳಿ ನಾಲ್ಕಾಗುತ್ತದೆ ಎಂದೆನಲ್ಲ, ಅಂಥದೇ ಸೀಳುವಿಕೆ ಇಲ್ಲಿ ನಿಲ್ಲದೆ ನಡೆದಂತಿತ್ತು. ಅದೇ ವರ್ಷ ಚೆಕೊಸ್ಲೊವಾಕಿಯದ ಖಾಲುಪ ಎಂಬಾತನೂ ಸ್ವತಂತ್ರವಾಗಿ ಇದನ್ನೇ ಪ್ರಕಟಿಸಿದ. ಅದೇ ವರ್ಷವೇ ಕೆನಡದಲ್ಲಿ ನಾಗಮಣಿ ಮತ್ತು ಬೊಂಗ ಎಂಬವರು ಲಾರ್ಚ್ ಮರದಲ್ಲಿ ಇನ್ನೂ ಬೆರಗಿನ ಸಂಗತಿಯನ್ನು ಕಂಡರು. ಅಲ್ಲಿ ಭ್ರೂಣಗಳು ಹುಟ್ಟಿದ್ದು ತಾಯಿಯ ಪಾಲಾದ ಆ ಆಹಾರದ ಅಂಗಾಂಶದಿಂದ. ಬುತ್ತಿಯೇ ಮಗುವಾಯಿತು. ಮುಂದಿನ ವರ್ಷ ಕ್ಯಾಲಿಫೋರ್ನಿಯದಲ್ಲಿ ಪ್ರಮೋದ್ ಗುಪ್ತ ಮತ್ತು ಡರ್ಜನ್ ಎಂಬವರು ಶುಗರ್ ಪೈನ್‌ನಲ್ಲಿ, 1987ರಲ್ಲಿ ಲಾಬ್ಲಾಲಿ ಪೈನ್‌ನಲ್ಲಿ ಇದನ್ನು ಸಾಧಿಸಿದರು.

ಸಾವಿರಾರು ಭ್ರೂಣಗಳು ಹುಟ್ಟಿದವು, ನಿಜ. ಅವು ಬಲಿಯುವುದು ಹೇಗೆ? ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುಳು ಇಲ್ಲಿದೆ. ಯಾವ ಆಹಾರದಿಂದ ಭ್ರೂಣಗಳು ಹೆಚ್ಚಿದವೋ ಅದೇ ಆಹಾರದಲ್ಲಿ ಅವು ಎಂದಿಗೂ ದೊಡ್ಡವಾಗುವುದಿಲ್ಲ. ಸೀಳುತ್ತ, ಹೆಚ್ಚುತ್ತ, ಎಳೆಯವಾಗಿಯೇ ಇರುತ್ತವೆ. ಅವು ಬಲಿಯಬೇಕಾದರೆ ಉಪಚಾರ ನಿಲ್ಲಬೇಕು. ಚೋದಕಗಳನ್ನು ತೆಗೆದು, ಅಬ್ಸಿಸಿಕ್ ಆಮ್ಲ ಎಂಬುದನ್ನು ಕೊಡಬೇಕು. ಬರಗಾಲದಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಸುವ, ಬೀಜವನ್ನು ನಿದ್ದೆಯಲ್ಲಿಡುವ ವಸ್ತು ಅದು. ಫಾನ್ ಆರ್ನಾಲ್ಡ್ ಮತ್ತು ಹಾಕ್‌ಮನ್ 1988ರಲ್ಲಿ ಸ್ಪ್ರೂಸಿನಲ್ಲಿ ಇದನ್ನು ತೋರಿಸಿದರು. 1990ರ ಸುಮಾರಿಗೆ ಕೆನಡದ ಆಟ್ರೀ ಮತ್ತು ಫೌಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ದೊಡ್ಡ ಅಣುಗಳ ವಸ್ತುವನ್ನು ಬೆರೆಸಿದಾಗ, ಅದು ಕೋಶದೊಳಗೆ ನುಗ್ಗಲಾರದೆ ಹೊರಗಿದ್ದುಕೊಂಡೇ ನೀರನ್ನು ಸೆಳೆಯುತ್ತದೆ. ಭ್ರೂಣಕ್ಕೆ ಒಣಗುವ ಬೀಜದ ಒಳಗಿರುವ ಅನುಭವವಾಗುತ್ತದೆ. ಆ ನೀರಡಿಕೆಯಲ್ಲಿ ಅದು ಎಣ್ಣೆಯನ್ನೂ ಪ್ರೋಟೀನನ್ನೂ ತನ್ನೊಳಗೆ ಕೂಡಿಡತೊಡಗುತ್ತದೆ. ಆಮೇಲೆ ನಿಧಾನವಾಗಿ ಒಣಗಿಸಿ, ಕೊನೆಯಲ್ಲಿ ಚೋದಕವೇ ಇಲ್ಲದ ಸಾದಾ ಊಟಕ್ಕೆ ವರ್ಗಾಯಿಸಿದರೆ ಮೊಳೆಯುತ್ತದೆ. ಮೂರು ಘಟ್ಟ, ಮೂರು ಊಟ; ಒಂದರದನ್ನು ಇನ್ನೊಂದಕ್ಕೆ ಬಡಿಸಿದರೆ ಕೆಲಸ ಕೆಟ್ಟಿತು. ಹಸಿವೋ ಅಜೀರ್ಣವೋ ಎಂದು ನಮ್ಮ ಹಿರಿಯರು ಕೇಳಿದ ಪ್ರಶ್ನೆಗೆ, ಎರಡೂ, ಆದರೆ ಬೇರೆ ಬೇರೆ ಹೊತ್ತಿನಲ್ಲಿ ಎಂಬುದು ಉತ್ತರವಾಗಿತ್ತು.

ಇದಾದ ಮೇಲೆ ವಿಜ್ಞಾನಿಗಳು ಊಹೆಯನ್ನು ಬಿಟ್ಟು ತಾಯಿಯನ್ನೇ ಕೇಳತೊಡಗಿದರು. ಅಟ್ಲಾಂಟದಲ್ಲಿ ಪುಲ್‌ಮನ್ ಮತ್ತು ಸಂಗಡಿಗರು ಲಾಬ್ಲಾಲಿ ಪೈನಿನ ಬೀಜಗಳನ್ನು ಅವು ಬೆಳೆಯುವ ಒಂದೊಂದು ಹಂತದಲ್ಲೂ ಬಿಡಿಸಿ, ಬುತ್ತಿಯಲ್ಲಿ ಯಾವ ಲವಣ ಎಷ್ಟಿದೆ, ಸಕ್ಕರೆ ಯಾವುದು, ನೀರಿನ ಸೆಳೆತ ಎಷ್ಟು ಎಂದು ಅಳೆದು, ಅದಕ್ಕೆ ಸರಿಹೊಂದುವಂತೆ ಪಾಕವನ್ನು ತಿದ್ದಿದರು. ನಾರ್ವೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. 2008ರಲ್ಲಿ ಪ್ರಕಟವಾದ ಕೆಲಸ ಅದು. ಒಂದೇ ಸ್ಪ್ರೂಸ್ ಮುದ್ದೆಯಿಂದ ಬಂದ, ವಂಶದಲ್ಲಿ ತದ್ರೂಪವಾದ ಭ್ರೂಣಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿ ಬೆಳೆಸಿದರೆ, ಬೆಚ್ಚಗಿದ್ದ ಭ್ರೂಣಗಳಿಂದ ಬಂದ ಸಸಿಗಳು ಚಳಿಗಾಲಕ್ಕೆ ಮೊಗ್ಗು ಮುಚ್ಚುವುದನ್ನು ತಡಮಾಡುತ್ತವೆ. ಸುಭದ್ರೆಯ ಗರ್ಭದಲ್ಲಿ ಅಭಿಮನ್ಯು ಚಕ್ರವ್ಯೂಹದ ದಾರಿಯನ್ನು ಕೇಳಿ ಕಲಿತದ್ದನ್ನು ಪಾಠ ಮಾಡುವಾಗ ಹುಡುಗರು ನಗುತ್ತಿದ್ದರು. ಈಗ ಪಾಠ ಮಾಡುವ ಅವಕಾಶವಿದ್ದಿದ್ದರೆ ನಾನು ಸ್ಪ್ರೂಸ್ ಮರದ ಹೆಸರನ್ನೂ ಹೇಳುತ್ತಿದ್ದೆ.

ಕೆನಡ, ಅಮೆರಿಕ, ನ್ಯೂಜಿಲೆಂಡ್‌ಗಳಲ್ಲಿ ಹೀಗೆ ಬೆಳೆಸಿದ ಸಸಿಗಳನ್ನು ಕಾಡುಗಳಲ್ಲಿ ನೆಟ್ಟಿದ್ದಾರೆ. ಮುದ್ದೆಯನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿಟ್ಟು, ಅದರದೇ ಸಸಿಗಳು ಹೊಲದಲ್ಲಿ ಹೇಗೆ ಬೆಳೆಯುತ್ತವೆ ಎಂದು ವರ್ಷಗಟ್ಟಲೆ ನೋಡಿ, ಒಳ್ಳೆಯದನ್ನು ಮತ್ತೆ ಎಬ್ಬಿಸುವ ಕ್ರಮವೂ ಇದೆ. ಮಿತಿಯನ್ನೂ ಹೇಳಬೇಕು. ಇದು ಬಹುಮಟ್ಟಿಗೆ ಎಳೆಯ ಭ್ರೂಣಗಳಿಂದ ಮಾತ್ರ ಸಾಧ್ಯ. ಕಣ್ಣೆದುರು ನಿಂತಿರುವ ನೂರು ವರ್ಷದ ಭವ್ಯ ವೃಕ್ಷದ ಪಡಿಯಚ್ಚನ್ನು ಅದರ ಸೂಜಿಯೆಲೆಯಿಂದ ತೆಗೆಯುವುದು ಅತ್ಯಂತ ದುಸ್ತರ. ಒಂದೇ ಜಾತಕದ ಸಾವಿರಾರು ಮರಗಳ ತೋಪನ್ನು ಕಾಡು ಎಂದು ಕರೆಯಬಹುದೇ ಎಂಬ ಸಂದೇಹವೂ ನನ್ನದು. ಮರದ ವ್ಯಾಪಾರಿಗಳಿಗೆ ಆ ಸಂದೇಹವಿರಬೇಕಾಗಿಲ್ಲ.

ಆದರೆ ಫ್ಲಾರಿಡದ ಟೊರಿಯಾ ಮರದ ವಿಷಯದಲ್ಲಿ ನನ್ನ ಸಂದೇಹ ಬಾಯಿ ಮುಚ್ಚುತ್ತದೆ. ಅಪಲಾಚಿಕೋಲ ನದಿಯ ದಂಡೆಯ ಕಮರಿಗಳಲ್ಲಿ ಮಾತ್ರ ಬೆಳೆಯುವ ಈ ಮರ ಶಂಕುಧಾರಿಗಳ ಬಳಗಕ್ಕೆ ಸೇರಿದ್ದು. 20ನೆಯ ಶತಮಾನದ ಮಧ್ಯದಿಂದ ರೋಗವೊಂದು ಬಡಿದು ಬಹುಪಾಲು ಮರಗಳು ನಾಶವಾದವು. ಉಳಿದವು ಬುಡದಿಂದ ಚಿಗುರುತ್ತವೆ, ಬೀಜ ಬಿಡುವ ವಯಸ್ಸಿಗೆ ಬಾರದೆ ಮತ್ತೆ ಒಣಗುತ್ತವೆ. ಬೇರೆಡೆ ಕಾಪಾಡಿ ಬೆಳೆಸಿದ ಮರಗಳಿಂದ ಬೀಜ ದೊರೆತರೂ ಅದನ್ನು ಒಣಗಿಸಿ ಕಣಜದಲ್ಲಿಡುವಂತಿಲ್ಲ, ಒಣಗಿದರೆ ಸಾಯುತ್ತದೆ. ಅಟ್ಲಾಂಟದ ಸಂಶೋಧಕರು ಅದರ ಎಳೆಯ ಬೀಜಗಳಿಂದ ಭ್ರೂಣಗಳ ಮುದ್ದೆಯನ್ನು ಎಬ್ಬಿಸಿ, ಸಸಿಗಳನ್ನು ಬೆಳೆಸಿ, ಮುದ್ದೆಯನ್ನು ಹೆಪ್ಪುಗಟ್ಟಿಸಿಟ್ಟ ಸಂಗತಿಯನ್ನು 2012ರಲ್ಲಿ ಪ್ರಕಟಿಸಿದರು. ಲೋಕದಿಂದ ಒಂದು ಕುಲ ಅಳಿಯುವುದೇ ಉಳಿಯುವುದೇ ಎಂಬುದು ಗ್ಲುಟಮಿನ್ನಿನ ಪ್ರಮಾಣ, ಸಕ್ಕರೆಯ ಪಾಕ, ಸ್ವಲ್ಪ ನೀರಡಿಕೆ ಇವುಗಳ ಮೇಲೂ ನಿಂತಿದೆ.

1986ರ ಒಂದು ಸಂಜೆ ಆ ಹಿರಿಯ ಅಧ್ಯಾಪಕರು ನಮ್ಮ ಮನೆಗೆ ಬಂದರು. ಬೆಂಗಳೂರಿನ ಗ್ರಂಥಾಲಯವೊಂದರಲ್ಲಿ ಸ್ವೀಡನ್ನಿನ ಪ್ರಬಂಧವನ್ನು ಜೆರಾಕ್ಸ್ ಮಾಡಿಸಿಕೊಂಡು ತಂದಿದ್ದರು. ಚಿತ್ರಗಳು ಮಸಿ ಬಳಿದ ಹಾಗಿದ್ದವು. ಆ ಮಸಿಯಲ್ಲಿ ಒಂದು ಬಿಳಿಯ ಚುಕ್ಕೆಯನ್ನೂ ಅದರಿಂದ ಇಳಿಬಿದ್ದ ಒಂದು ಎಳೆಯನ್ನೂ ಬೆರಳಿಟ್ಟು ತೋರಿಸಿ, “ನೋಡಿ, ಹುರಿ ಕೂಡ ಬಂದಿದೆ” ಎಂದರು. ತಾವು ಸೋತ ಕೆಲಸವನ್ನು ಇನ್ನಾರೋ ಗೆದ್ದದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಆಮೇಲೆ ಕಂಡಿಲ್ಲ. ಕಾಫಿ ಕುಡಿದು ಎದ್ದವರು ಬಾಗಿಲಲ್ಲಿ ನಿಂತು, ನಾಳೆ ಕುಕ್ಕರನ್ನು ಮನೆಗೆ ವಾಪಸು ಕೊಂಡೊಯ್ಯಬೇಕು, ಮನೆಯವರು ಕೇಳುತ್ತಿದ್ದಾರೆ ಎಂದು ನಕ್ಕು ಹೊರಟರು. ಮಾರನೆಯ ವಾರ ನೋಡಿದರೆ ಕುಕ್ಕರು ಅಲ್ಲಿಯೇ ಇತ್ತು, ಒಲೆಯ ಮೇಲಿತ್ತು.